ಫ್ಯಾಮಿಲಿ ರೂಮಿನ ಆರಿದ ಕಾಫಿ

ಮಧುಗಿರಿ ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದರವರು ಮೊನ್ನೆ ತಮ್ಮ ಫ್ಯಾಮಿಲಿ ರೂಮಿನ ಪರದೆಯನ್ನು ಬಿಚ್ಚಿ ಹೊರಗೆ ಎಸೆದಿದ್ದರು. ಹಸಿರು ಪರದೆ. ಹಸಿರು ಎಂದು ನಾನು ಹಳೆಯ ನೆನಪಿನ ಮೇಲೆ ಹೇಳುತ್ತಿದ್ದೇನೆ. ಈಗ ಅದಕ್ಕೆ ಬಣ್ಣ ಎಂಬುದೇ ಉಳಿದಿರಲಿಲ್ಲ. ತಿಂಡಿ ತಿಂದು ಅದಕ್ಕೇ ಕೈ ಒರೆಸಿಕೊಂಡು ಹೋದ ಮಹನೀಯರ ಬೆರಳ ಗುರುತು ಅಂಚಿನುದ್ದಕ್ಕೂ ಇತ್ತು. ಹೋಟೆಲಿಗೆ ಹೊಸ ಟೈಲ್ಸ್ ಹಾಕಿಸುತ್ತಿದ್ದಾರಂತೆ, ಇನ್ನು ಮೇಲೆ ಎಲ್ಲರಿಗೂ ಒಂದೇ ಹಾಲ್ ಅಂತೆ. ಗಾರೆ ಕೆಲಸದವನೊಬ್ಬ ಆ ಪರದೆಯನ್ನು ಮಡಿಸಿ ಸಿಮೆಂಟ್ ಮೂಟೆಯ ಮೇಲೆ ಹಾಸಿಕೊಂಡು ಬೀಡಿ ಸೇದುತ್ತಾ ಕೂತಿದ್ದ. ಅದರ ಆಯುಷ್ಯದಲ್ಲಿ ಅದಕ್ಕೆ ಸಿಕ್ಕ ಮೊದಲ ಮರ್ಯಾದೆಯ ಕೆಲಸ ಇದೇ ಇರಬೇಕು ಅಂದುಕೊಂಡು ನಾನು ತರಕಾರಿ ಚೀಲ ಹಿಡಿದು ಮನೆಗೆ ಬಂದೆ.

ಬಂದೆನೇನೋ ಸರಿ, ಪರದೆ ತಲೆಯಿಂದ ಹೋಗಲಿಲ್ಲ.

ನೀವು ಗಂಡಸರಾಗಿದ್ದರೆ ಫ್ಯಾಮಿಲಿ ರೂಮಿನ ಒಳಗುಟ್ಟು ನಿಮಗೆ ಅಷ್ಟಾಗಿ ಗೊತ್ತಿರಲಾರದು, ಆದ್ದರಿಂದ ಹೇಳುತ್ತೇನೆ. ಹೋಟೆಲ್ ಕಟ್ಟುವಾಗ ಒಲೆಗೆ, ಗಲ್ಲಾಕ್ಕೆ, ದೇವರ ಫೋಟೋಗೆ, ಗಿರಾಕಿಗಳಿಗೆ ಜಾಗ ಕೊಟ್ಟಾದ ಮೇಲೆ ಯಾವ ಕೆಲಸಕ್ಕೂ ಬಾರದ ಒಂದು ಮೂಲೆ ಉಳಿಯುತ್ತದೆ. ಅದರ ಒಂದು ಪಕ್ಕದಲ್ಲಿ ಕೈ ತೊಳೆಯುವ ನಲ್ಲಿ, ಇನ್ನೊಂದು ಪಕ್ಕದಲ್ಲಿ ಪಾತ್ರೆ ತೊಳೆಯುವ ಜಾಗ. ಕಿಟಕಿ ಇಲ್ಲ. ಫ್ಯಾನ್ ಇದೆ, ಆದರೆ ಅದರ ಸ್ವಿಚ್ಚು ಗಲ್ಲಾದ ಹಿಂದೆ ಇದೆ. ಆ ಮೂಲೆಗೆ ಒಂದು ತಂತಿ ಎಳೆದು ಪರದೆ ನೇತು ಹಾಕಿದರೆ ಅದು ಫ್ಯಾಮಿಲಿ ರೂಮು. ಹೆಣ್ಣುಮಕ್ಕಳಿಗೆ ಗೌರವ ಕೊಡುವುದೆಂದರೆ ಅವರನ್ನು ಎಂಜಲು ಪಾತ್ರೆಗಳ ಸದ್ದಿನ ಪಕ್ಕ ಕೂರಿಸುವುದು ಎಂದು ನಮ್ಮ ಸೀಮೆಯ ಹೋಟೆಲಿನವರು ಅದ್ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದರು.

ಇನ್ನು ಫ್ಯಾಮಿಲಿ ಅಂದರೆ ಯಾರು ಎಂಬ ಪ್ರಶ್ನೆ. ನಾನೊಬ್ಬಳೇ ಹೋದರೂ ನಾನು ಫ್ಯಾಮಿಲಿ. ನಮ್ಮ ಯಜಮಾನರು, ಮೂರು ಹೊತ್ತೂ ನನ್ನ ಕೈಯಡುಗೆ ಉಂಡು ಎರಡು ಮಕ್ಕಳನ್ನು ಸಾಕಿದವರು, ಒಬ್ಬರೇ ಹೋದರೆ ಫ್ಯಾಮಿಲಿ ಅಲ್ಲ. ಅವರು ಬೀದಿ ಕಡೆಯ ಟೇಬಲ್ಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಓದಬಹುದು. ಇಬ್ಬರೂ ಒಟ್ಟಿಗೆ ಹೋದೆವೋ, ಅವರೂ ಪಾಪ ನನ್ನಿಂದಾಗಿ ಫ್ಯಾಮಿಲಿಯಾಗಿ ಒಳಗೆ ಬರಬೇಕು. ಬಂದು ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದರು. ಸಪ್ಲೈಯರ್ ಬಂದರೆ ನನ್ನ ಮುಖ ನೋಡುತ್ತಿರಲಿಲ್ಲ. "ಸಾರ್, ಅಮ್ಮಾರಿಗೆ ಏನ್ ಕೊಡ್ಲಿ?" ಎಂದು ನನ್ನ ಬಗ್ಗೆ ಅವರನ್ನು ಕೇಳುತ್ತಿದ್ದ, ಯಾರೋ ಕರೆದುಕೊಂಡು ಬಂದ ಕೂಸಿನ ಬಗ್ಗೆ ಕೇಳುವ ಹಾಗೆ. ಇವರು ನನ್ನನ್ನು ಒಂದು ಮಾತೂ ಕೇಳದೆ "ಎರಡು ಇಡ್ಲಿ" ಎನ್ನುತ್ತಿದ್ದರು. ಮೂವತ್ತಾರು ವರ್ಷದ ದಾಂಪತ್ಯದಲ್ಲಿ ನನಗೆ ಇಡ್ಲಿ ಇಷ್ಟವೇ ಎಂದು ಅವರು ಕೇಳಿದ್ದಿಲ್ಲ, ಕೇಳುತ್ತಾರೆಂಬ ಆಸೆ ನನಗೂ ಈಗ ಇಲ್ಲ.

ಕಾಫಿಯ ಕಥೆಯನ್ನಂತೂ ಕೇಳಲೇಬೇಡಿ. ಡಿಕಾಕ್ಷನ್ ಇಳಿಯುವುದು ಬಾಗಿಲ ಹತ್ತಿರ, ಬೀದಿಗೆ ಮುಖ ಮಾಡಿ. ಅಲ್ಲಿಂದ ಹೊರಟ ಲೋಟ ಮುಂದಿನ ಟೇಬಲ್ಲಿನ ಗಂಡಸರನ್ನು, ನಡುವಿನ ಟೇಬಲ್ಲಿನ ಗಂಡಸರನ್ನು, ನಿಂತೇ ಕುಡಿಯುವ ಗಂಡಸರನ್ನು ದಾಟಿ, ನಡುವೆ ಒಬ್ಬರ ಎಲೆ ಎತ್ತಿಸಿ, ಇನ್ನೊಬ್ಬರ ಚಿಲ್ಲರೆ ತಂದುಕೊಟ್ಟು, ಪರದೆಯೊಳಗೆ ಬರುವ ಹೊತ್ತಿಗೆ ಮೇಲೆ ಕೆನೆ ಕಟ್ಟಿ ಸುಕ್ಕಾಗಿರುತ್ತಿತ್ತು. ನಾನು ಅರವತ್ತು ವರ್ಷದವಳಾಗುವವರೆಗೆ ಹೋಟೆಲಿನಲ್ಲಿ ಬಿಸಿ ಕಾಫಿ ಕುಡಿದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ.

ಆರಿದ್ದನ್ನು ತಿನ್ನುವ ಯೋಗ ನನಗೆ ಹುಟ್ಟಿನಿಂದಲೇ ಬಂದದ್ದು ಎನ್ನಬೇಕು. ನಮ್ಮ ತವರು ಕೊರಟಗೆರೆ ಪಕ್ಕದ ಹಳ್ಳಿ. ಪಹಣಿ ತರುವುದಕ್ಕೆಂದು ಅಪ್ಪ ತಿಂಗಳಿಗೆರಡು ಸಲ ಕೊರಟಗೆರೆಗೆ ಹೋಗುತ್ತಿದ್ದ. ಇರುವ ಎರಡೂವರೆ ಎಕರೆಗೆ ಅಷ್ಟೊಂದು ಪಹಣಿ ಯಾಕೆ ಬೇಕು ಎಂದು ಅಮ್ಮ ಒಂದು ದಿನವೂ ಕೇಳಲಿಲ್ಲ. ಅವನು ಹೋಗುತ್ತಿದ್ದದ್ದು ಮಸಾಲೆ ದೋಸೆಗೆ ಎಂಬುದು ಇಡೀ ಊರಿಗೆ ಗೊತ್ತಿತ್ತು. ತಾನು ಬಿಸಿಬಿಸಿ ತಿಂದು, ನಮಗೆ ಒಂದನ್ನು ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಪೇಪರ್ ಸುತ್ತಿ, ದಾರ ಕಟ್ಟಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಇಳಿದು ಎರಡು ಮೈಲಿ ನಡೆದು ತರುತ್ತಿದ್ದ. ಬಿಚ್ಚಿದರೆ ಒಳಗೆ ಹಿಂಡದ ಬಟ್ಟೆಯಂಥದೊಂದು ವಸ್ತು. ಅದನ್ನು ನಾವು ನಾಲ್ಕು ಮಕ್ಕಳು ಹರಿದು ಹಂಚಿಕೊಂಡು ತಿನ್ನುತ್ತಿದ್ದೆವು. ಮಸಾಲೆ ದೋಸೆ ಎಂದರೆ ಒದ್ದೆಯಾಗಿ, ಮೆತ್ತಗೆ, ಸ್ವಲ್ಪ ಪೇಪರಿನ ವಾಸನೆ ಹೊಡೆಯುವ ತಿಂಡಿ ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೆ.

ಹತ್ತನೇ ವಯಸ್ಸಿನಲ್ಲಿ ಅಪ್ಪ ನನ್ನನ್ನು ಮೊದಲ ಸಲ ಹೋಟೆಲಿಗೆ ಕರೆದುಕೊಂಡು ಹೋದ. ತಟ್ಟೆಯಲ್ಲಿ ಬಂದದ್ದು ಕೆಂಪಗೆ, ಗರಿಗರಿಯಾಗಿ, ಮುಟ್ಟಿದರೆ ಮುರಿಯುವಂಥದ್ದು. ನಾನು ಗಲಾಟೆ ಮಾಡಿದೆ.

"ಅಪ್ಪಾ, ಸೀದೋಗಿರೋದು ಕೊಟ್ಟವ್ರೆ. ಬೇರೆ ತರ್ಸು," ಎಂದೆ.

ಅಪ್ಪ ಅತ್ತಿತ್ತ ನೋಡಿ, "ಸುಮ್ಕೆ ತಿನ್ನಮ್ಮ, ಇರೋದೇ ಇಂಗೆ," ಎಂದ.

"ನೀನು ತರೋದು ಇಂಗಿರಲ್ಲ."

ಆ ದಿನದಿಂದ ಅಪ್ಪ ಪಾರ್ಸೆಲ್ ತರುವುದನ್ನೂ ನಿಲ್ಲಿಸಿದ. ಹೋಟೆಲಿನ ತಿಂಡಿಯನ್ನು ನಾನು ಹೀಯಾಳಿಸಿದ್ದು ಅದೇ ಮೊದಲು. ಕಾರಣ ತಪ್ಪಾಗಿತ್ತು, ನಿಜ. ಆದರೆ ಬಾಯಿ ಅವತ್ತು ತೆರೆದದ್ದು ಮತ್ತೆ ಮುಚ್ಚಲಿಲ್ಲ.

ಆ ಬಾಯಿಗೆ ಜೋಡಿ ಸಿಕ್ಕಿದ್ದು ಬಡವನಹಳ್ಳಿಯಲ್ಲಿ. ಅಲ್ಲಿನ ಅನುದಾನಿತ ಪ್ರೌಢಶಾಲೆಯಲ್ಲಿ ನನಗೆ ಸಮಾಜದ ಟೀಚರ್ ಕೆಲಸ ಸಿಕ್ಕಿತು. ನಾನು ಮಧುಗಿರಿಯಿಂದ ಬಸ್ಸಿನಲ್ಲಿ ಹೋದರೆ, ಎದುರು ದಿಕ್ಕಿನ ಶಿರಾದಿಂದ ಶಮೀಮ ಬರುತ್ತಿದ್ದಳು. ಲೆಕ್ಕದ ಟೀಚರ್. ಅವಳ ತಂದೆ ಶಿರಾದಲ್ಲಿ ಹತ್ತಿ ಹಾಸಿಗೆ ಹೊಲಿಯುತ್ತಿದ್ದವರು. ಬಸ್ಸಿನಲ್ಲಿ ಬುರ್ಖಾ, ಸ್ಟಾಫ್ ರೂಮಿಗೆ ಬಂದೊಡನೆ ಬಿಚ್ಚಿ ಬೀರುವಿನ ಮೊಳೆಗೆ ನೇತು ಹಾಕಿ, ಸೀರೆಯ ಸೆರಗು ಸರಿಮಾಡಿಕೊಂಡು, ಊಟದ ಡಬ್ಬಿ ತೆಗೆಯುವ ಮೊದಲೇ ಅದರೊಳಗಿನ ಅಡುಗೆಯನ್ನು ಬೈಯುವುದು ಅವಳ ಪದ್ಧತಿ. ತಾನೇ ಮಾಡಿದ ಅಡುಗೆಯನ್ನು ಅಷ್ಟು ಖಾರವಾಗಿ ಬೈಯುವ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಅವಳು ಮೊದಲ ದಿನವೇ ಇಷ್ಟವಾದಳು.

ಶನಿವಾರ ಬೆಳಗಿನ ಸ್ಕೂಲು. ಹನ್ನೊಂದೂವರೆಗೆ ಬಿಟ್ಟರೆ ಮನೆಗೆ ಸಂಜೆಯೊಳಗೆ ಹೋದರೆ ಸಾಕು. ಒಂದು ಶನಿವಾರ ಅವಳು ನನ್ನ ಜೊತೆ ಮಧುಗಿರಿಗೆ, ಮರು ಶನಿವಾರ ನಾನು ಅವಳ ಜೊತೆ ಶಿರಾಕ್ಕೆ. ಹೋಗಿ ಅಲ್ಲಿನ ಹೋಟೆಲಿನಲ್ಲಿ ಏನಾದರೂ ತಿಂದು, ಕಾಫಿ ಕುಡಿದು, ತಿಂದದ್ದನ್ನೂ ಕುಡಿದದ್ದನ್ನೂ ಚೆನ್ನಾಗಿ ಬೈದು ಬರುವುದು. ಇಪ್ಪತ್ತೇಳು ವರ್ಷ ನಡೆದ ಪದ್ಧತಿ ಇದು. ಒಂದು ದಿನವೂ ನಾವು "ಚೆನ್ನಾಗಿದೆ" ಎಂದಿಲ್ಲ. ಚೆನ್ನಾಗಿದ್ದರೂ ಎಂದಿಲ್ಲ. ಹಾಗೆ ಹೇಳುವುದು ನೆಂಟರ ಮನೆಯ ಮಾತು. ನಮ್ಮಿಬ್ಬರ ನಡುವೆ ಅದರ ಅಗತ್ಯವಿರಲಿಲ್ಲ. ಹೈವೇ ಪಕ್ಕದ ಡಾಬಾ ಒಂದರಲ್ಲಿ ಬಿರಿಯಾನಿ ಎಂದು ಕೊಟ್ಟದ್ದನ್ನು ಕೆದಕಿ ನೋಡಿ ಶಮೀಮ, "ಇದು ಬಿರಿಯಾನಿ ಅಲ್ಲ ಸರೋಜ. ಚಿತ್ರಾನ್ನದೊಳಗೆ ಕೋಳಿ ಬಿದ್ದು ಸತ್ತೋಗಿದೆ," ಎಂದಿದ್ದಳು. ನಾನು ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿ, ಪರದೆಯ ಆಚೆಯಿಂದ ಸಪ್ಲೈಯರ್ ಇಣುಕಿ ನೋಡುವಂತಾಯಿತು.

ಹೌದು, ಅಲ್ಲೂ ಪರದೆ. ಎಲ್ಲಿ ಹೋದರೂ ಹೋಟೆಲಿನ ಯಜಮಾನ ನಮ್ಮನ್ನು ನೋಡಿದೊಡನೆ ಗದ್ದ ಎತ್ತಿ ಒಳಗೆ ತೋರಿಸಿ "ಫ್ಯಾಮಿಲಿ ಒಳಗಡೆ" ಎನ್ನುತ್ತಿದ್ದ. ಪರದೆ ಇರದ ಜಾಗ ಅಂತ ನಮಗೆ ಸಿಕ್ಕಿದ್ದು ಪಾವಗಡದಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಡ್ಯೂಟಿಗೆ ಹೋದಾಗ. ಲಕ್ಷ್ಮೀದೇವಮ್ಮ ಎಂಬಾಕೆಯ ಮೆಸ್ಸು. ಒಂದು ಉದ್ದ ಬೆಂಚು, ಮುಂದೊಂದು ಉದ್ದ ಹಲಗೆ. ಲಾರಿಯವರು, ಕಂಡಕ್ಟರು, ಕೋರ್ಟಿಗೆ ಬಂದವರು ಎಲ್ಲ ಸಾಲಾಗಿ ಕೂತು ಮುದ್ದೆ ಮುರಿಯುತ್ತಿದ್ದರು. ನಾವು ಅಭ್ಯಾಸಬಲದಿಂದ ಬಾಗಿಲಲ್ಲೇ ನಿಂತು, "ಒಳಗಡೆ ರೂಮಿದೆಯೇನಮ್ಮ?" ಎಂದೆವು.

ಆಕೆ ಸೌಟು ಹಿಡಿದೇ ತಿರುಗಿ, ಆ ಕಡೆಯ ತೆಲುಗು ಬೆರೆಸಿ, "ಆಡೋಳ್ಳಕಿ ಅಂತ ಬೇರೆ ಸಾರು ಕಾಯ್ಸಿಲ್ಲಮ್ಮ ನಾನು. ಕೂಚೋ, ಈಡೇ ಕೂಚೋ," ಎಂದಳು. ಹೆಂಗಸರಿಗೆಂದು ಬೇರೆ ಸಾರಿಲ್ಲ, ಇಲ್ಲೇ ಕೂರಿ ಎಂದು. ಆಮೇಲೆ ಬೆಂಚಿನ ಗಂಡಸರಿಗೆ, "ಏಯ್, ಜರಗಂಡಿ, ಟೀಚರಮ್ಮಗಳು ಕೂತ್ಕಂತಾರೆ," ಎಂದಳು. ಅವರು ತಟ್ಟೆ ಎಳೆದುಕೊಂಡು ಸರಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಮುದ್ದೆ ಸುಡುತ್ತಿತ್ತು, ಸೊಪ್ಪಿನ ಸಾರು ಕುದಿಯುತ್ತಿತ್ತು, ಕಡಲೆಬೀಜದ ಚಟ್ನಿಯ ಖಾರಕ್ಕೆ ಶಮೀಮಳ ಮೂಗಿನಲ್ಲಿ ನೀರು. ಹೊರಗೆ ಬಂದು ನಾನು ಪದ್ಧತಿಯಂತೆ, "ಸಾರಿಗೆ ಹುಣಸೆಹಣ್ಣು ಜಾಸ್ತಿ ಆಯ್ತು ಕಣೇ," ಎಂದೆ. ಅವಳು, "ಹೂಂ, ಮುದ್ದೇಲಿ ಗಂಟಿತ್ತು," ಎಂದಳು. ಇಬ್ಬರೂ ಸುಳ್ಳು ಹೇಳುತ್ತಿದ್ದೆವು. ಮೂರು ದಿನದ ಡ್ಯೂಟಿಯಲ್ಲಿ ಮೂರು ದಿನವೂ ಅಲ್ಲಿಗೇ ಹೋದೆವು.

ಆ ಪಾವಗಡದ ಧೈರ್ಯವನ್ನೇ ಸೆರಗಿಗೆ ಕಟ್ಟಿಕೊಂಡು ಬಂದೆವೆಂದು ಕಾಣುತ್ತದೆ. ಮುಂದಿನ ಶನಿವಾರ ಶಿರಾದ ಹೋಟೆಲಿನಲ್ಲಿ ಶಮೀಮ ಒಳಗೆ ಹೋಗದೆ ಸೀದಾ ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಕೂತಳು. ಅಲ್ಲಿಂದ ರಸ್ತೆ ಕಾಣುತ್ತಿತ್ತು, ಬಸ್ಸುಗಳು ಕಾಣುತ್ತಿದ್ದವು, ಕೈ ಚಾಚಿದರೆ ಡಿಕಾಕ್ಷನ್ ಪಾತ್ರೆ. ನಾನೂ ಕೂತೆ. ಯಾರೂ ಏನೂ ಅನ್ನಲಿಲ್ಲ. ಸಪ್ಲೈಯರ್ ಮಾತ್ರ ಬರಲಿಲ್ಲ. ಎದುರಿಗೆ ಕೂತಿದ್ದ ಇಬ್ಬರು ಲೋಟ ಎತ್ತಿಕೊಂಡು ಹಿಂದಿನ ಟೇಬಲ್ಲಿಗೆ ಹೋದರು. ಹತ್ತು ನಿಮಿಷ ಕಳೆದ ಮೇಲೆ ಯಜಮಾನನೇ ಗಲ್ಲಾದಿಂದ ಇಳಿದು ಬಂದು ಕೈ ಮುಗಿದು, "ನಿಮ್ ಮರ್ಯಾದೆಗೇ ಹೇಳ್ತಿರೋದು ಅಮ್ಮಾ. ನೋಡಿದೋರು ಏನಂತಾರೆ? ಒಳಗೆ ಫ್ಯಾನ್ ಹಾಕ್ಸಿದ್ದೀನಿ," ಎಂದ.

ನಾನು ಎದ್ದುಬಿಟ್ಟೆ. ಮೊದಲು ಎದ್ದವಳು ನಾನೇ. ತರಗತಿಯಲ್ಲಿ ಸಮಾನತೆಯ ಹಕ್ಕನ್ನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದ ಟೀಚರು. ಶಮೀಮ ಇನ್ನೂ ಅರ್ಧ ನಿಮಿಷ ಕೂತಿದ್ದು, ನನ್ನ ಮುಖ ನೋಡಿ, ಆಮೇಲೆ ಎದ್ದಳು. ಬಸ್ಸಿನ ಹತ್ತಿರ ಬಂದಾಗ, "ಒಂದ್ಸಲ ಅಲ್ ಕೂತು ರೋಡ್ ನೋಡ್ಕಂಡು ಬಿಸಿ ಕಾಫಿ ಕುಡೀಬೇಕು ಕಣೇ. ಜಾಸ್ತಿ ಏನಿಲ್ಲ, ಒಂದೇ ಸಲ," ಎಂದಳು.

ನನಗೆ ನಾಚಿಕೆಯಾಗಿತ್ತಲ್ಲ, ಅದಕ್ಕೆ ಜಂಬದಿಂದ, "ನೀನು ರಿಟೈರ್ ಆಗೋ ದಿನ ಅಲ್ಲೇ ಕೂರ್ಸಿ ಊಟ ಹಾಕಿಸ್ತೀನಿ, ನೋಡ್ತಿರು," ಎಂದೆ.

"ಮರೀಬೇಡ," ಎಂದಳು.

ಮರೆಯಲಿಲ್ಲ ನಾನು. ಮರೆತಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಎರಡು ವರ್ಷ ಮೊದಲೇ ನಿವೃತ್ತಳಾದೆ. ಹೋದ ವರ್ಷ ಅವಳ ಸರದಿ ಬಂತು. ಅಷ್ಟರಲ್ಲಿ ಅವಳು ಮೆಕ್ಕಾಕ್ಕೆ ಉಮ್ರಾ ಯಾತ್ರೆ ಮುಗಿಸಿ ಬಂದಿದ್ದಳು, ಸ್ಟಾಫ್ ರೂಮಿನಲ್ಲೂ ಬುರ್ಖಾ ತೆಗೆಯುವುದನ್ನು ಬಿಟ್ಟಿದ್ದಳು. ಅವಳ ಮಗ ಶಿರಾದ ಅದೇ ಹೋಟೆಲಿನ ಬೀದಿಯಲ್ಲಿ ಚಪ್ಪಲಿ ಅಂಗಡಿ ಹಾಕಿದ್ದ. ನಾನು ಮನೆಯಲ್ಲಿ ಕೂತು ಇದನ್ನೆಲ್ಲ ಕೂಡಿಸಿದೆ. ಈಗ ಅವಳಿಗೆ ಹೊರಗೆ ಕೂರುವುದು ಮುಜುಗರ ಆಗಬಹುದು. ಮಗ ನೋಡಿದರೆ ಏನಂದುಕೊಳ್ಳುತ್ತಾನೋ. ಅವರ ಜನ ನೋಡಿದರೆ ಏನನ್ನುತ್ತಾರೋ. ಇಷ್ಟೆಲ್ಲ ಯೋಚಿಸಿದ ನನಗೆ ಫೋನ್ ಎತ್ತಿ ಅವಳನ್ನೇ ಒಂದು ಮಾತು ಕೇಳೋಣ ಎಂದು ಹೊಳೆಯಲಿಲ್ಲ. ಫೋನ್ ಎತ್ತಿದೆ, ಆದರೆ ಮಾಡಿದ್ದು ಹೋಟೆಲಿಗೆ.

ಈಗ ಗಲ್ಲಾದಲ್ಲಿರುವುದು ಹಳೆಯ ಯಜಮಾನನ ಮಗ. ಅವನು ಹೇಳಿದ, "ಮೇಡಂ, ಈಗ ಆ ಫ್ಯಾಮಿಲಿ ರೂಮು ಅಂತ ಏನಿಲ್ಲ. ಯಾರ್ ಎಲ್ಲಿ ಬೇಕಾದ್ರೂ ಕೂತ್ಕೊಬೋದು. ಅಲ್ಲಿ ಈರುಳ್ಳಿ ಮೂಟೆ ಹಾಕಿದ್ದೀವಿ."

ನಾನು ಬಿಡಲಿಲ್ಲ. ಮುಖ್ಯೋಪಾಧ್ಯಾಯಿನಿಯಾಗಿ ನಾಲ್ಕು ವರ್ಷ ಮೆರೆದ ಗಂಟಲು. "ಮೂಟೆ ತೆಗ್ಸಿ ಗುಡಿಸ್ರಿ. ನಮ್ ಫ್ರೆಂಡು ಬುರ್ಖಾದವ್ರು, ದೊಡ್ಡೋರು. ಪರದೆ ಇತ್ತಲ್ಲ, ಅದನ್ನೂ ಕಟ್ಸಿ," ಎಂದೆ. ಅವನು ಪಾಪ, ಅಟ್ಟದಿಂದ ಆ ಪರದೆಯನ್ನು ಹುಡುಕಿ ತೆಗೆದು ಕಟ್ಟಿಸಿದ. ಜನ್ಮವಿಡೀ ಯಾವ ಪರದೆಯನ್ನು ನಾನು ಬೈದೆನೋ, ಅದು ತಾನಾಗಿಯೇ ಬಿದ್ದುಹೋಗಿದ್ದಾಗ ಎತ್ತಿ ಮತ್ತೆ ಕಟ್ಟಿಸಿದವಳು ನಾನು. ಆ ಹಳೆಯ ಯಜಮಾನನಿಗಾದರೂ ವ್ಯಾಪಾರದ ಭಯವಿತ್ತು. ನನಗೆ ಏನಿತ್ತು?

ಶಮೀಮ ಬಂದಳು. ಬುರ್ಖಾದ ಕೆಳಗೆ ಹೊಸ ರೇಷ್ಮೆ ಸೀರೆಯ ಅಂಚು ಕಾಣುತ್ತಿತ್ತು. ಬಾಗಿಲ ಪಕ್ಕದ ಟೇಬಲ್ ಖಾಲಿಯಿತ್ತು. ಅವಳು ಅದರ ಕುರ್ಚಿಯ ಮೇಲೆ ಕೈಯಿಟ್ಟಳು. ನಾನು ಒಳಗಿನಿಂದ ಪರದೆ ಸರಿಸಿ, "ಇಲ್ಲಿ, ಇಲ್ಲಿ ಬಾ," ಎಂದೆ, ಸಡಗರದಿಂದ.

ಅವಳು ಬಂದು ಪರದೆಯನ್ನು ನೋಡಿದಳು. ನೆಲದ ಮೇಲೆ ಉಳಿದಿದ್ದ ಈರುಳ್ಳಿ ಸಿಪ್ಪೆಯನ್ನು ನೋಡಿದಳು. "ಇದೇನೇ ಇದು?" ಎಂದಳು.

"ನಿಂಗೆ ಅನುಕೂಲ ಆಗ್ಲಿ ಅಂತ ಹೇಳಿ ಮಾಡ್ಸಿದೆ. ಹೊರಗಡೆ ನಿನ್ ಮಗ, ನಿಮ್ಮೋರು..." ಎಂದೆ.

"ಬುರ್ಖಾ ನಾನು ಹಾಕ್ಕೊಂಡಿರೋದು," ಎಂದಳು. "ಇದು ನೀನು ಹಾಕಿರೋದು."

ಆಮೇಲೆ ಕೂತಳು. ಬಡಿಸಿದ್ದನ್ನೆಲ್ಲ ಉಂಡಳು. ಪೂರಿ ಎಣ್ಣೆ ಕುಡಿದಿತ್ತು, ಪಲ್ಯಕ್ಕೆ ಉಪ್ಪಿರಲಿಲ್ಲ, ಹಪ್ಪಳ ಮೆತ್ತಗಿತ್ತು. ನಾನು ಒಂದೊಂದನ್ನೇ ತೋರಿಸಿ ಬೈದೆ, ಅವಳು ಜೊತೆಗೂಡಲಿ ಎಂದು ಕಾದೆ. ಅವಳು ತಲೆಯಾಡಿಸಿದಳು ಅಷ್ಟೆ. ಕೈ ತೊಳೆದು, ಬ್ಯಾಗು ತೆಗೆದುಕೊಂಡು, "ಊಟ ಚೆನ್ನಾಗಿತ್ತು ಮೇಡಂ. ಬರ್ತೀನಿ," ಎಂದಳು. ಇಪ್ಪತ್ತೇಳು ವರ್ಷ ಏಕವಚನದಲ್ಲಿ ಕರೆದವಳು. ಆ "ಚೆನ್ನಾಗಿತ್ತು" ನನ್ನನ್ನು ಚುಚ್ಚಿದಷ್ಟು ಬೇರಾವ ಬೈಗುಳವೂ ಚುಚ್ಚಲಾರದು.

ಅಲ್ಲಿಂದ ನಾಲ್ಕು ತಿಂಗಳು ಅವಳು ಫೋನ್ ಮಾಡಲಿಲ್ಲ. ನಾನು ಮಾಡಿದರೆ ಸೊಸೆ ಎತ್ತಿ, "ಅಮ್ಮಿ ನಮಾಜ್ ಮಾಡ್ತಾ ಅವ್ರೆ," ಎನ್ನುತ್ತಿದ್ದಳು. ದಿನಕ್ಕೆ ಐದೇ ಸಲ ಎಂದು ಸಮಾಜ ಪಾಠದಲ್ಲಿ ನಾನೇ ಹೇಳಿಕೊಟ್ಟಿದ್ದೆ. ನಾನು ಯಾವ ಹೊತ್ತಿಗೆ ಮಾಡಿದರೂ ಅವಳು ನಮಾಜಿನಲ್ಲೇ ಇರುತ್ತಿದ್ದಳು.

ನನ್ನ ಮುಖ ನೋಡಲಾರದೆ ನಮ್ಮ ಯಜಮಾನರು ಒಂದು ಭಾನುವಾರ ಶಿರಾ ಬೈಪಾಸಿನಲ್ಲಿ ಹೊಸದಾಗಿ ಆಗಿರುವ ಕೆಫೆಗೆ ಕರೆದುಕೊಂಡು ಹೋದರು. ಎಂಥ ಕೆಫೆ ಅಂತೀರಿ. ಗೋಡೆಗೆಲ್ಲ ಪ್ಲಾಸ್ಟಿಕ್ ಬಳ್ಳಿ. ಎತ್ತಿನ ಗಾಡಿಯ ಚಕ್ರವೊಂದನ್ನು ಮೊಳೆ ಹೊಡೆದು ಸೀರಿಯಲ್ ಲೈಟ್ ಸುತ್ತಿದ್ದಾರೆ. ಕೂರಲು ಉಯ್ಯಾಲೆ, ಅರವತ್ತು ದಾಟಿದ ಮೊಣಕಾಲು ಇಟ್ಟುಕೊಂಡು ಉಯ್ಯಾಲೆಯಲ್ಲಿ ಕಾಫಿ ಕುಡಿಯುವ ಕಷ್ಟವನ್ನು ಅದನ್ನು ನೇತು ಹಾಕಿದವನು ಅನುಭವಿಸಬೇಕು. ಮೆನು ಬೇಕೆಂದರೆ ಟೇಬಲ್ಲಿಗೆ ಅಂಟಿಸಿದ ಚೌಕಕ್ಕೆ ಮೊಬೈಲ್ ಹಿಡಿಯಬೇಕಂತೆ. ಇವರು ಮೊಬೈಲ್ ಹಿಡಿದರು, ಅದು ನಮ್ಮ ಕರೆಂಟ್ ಬಿಲ್ ತೋರಿಸಿತು. ಕೊನೆಗೆ ಕಾಫಿ ಬಂತು, ಮದುವೆ ಆರತಿಗೆ ಇಡುವಷ್ಟು ದೊಡ್ಡ ಬಟ್ಟಲಿನಲ್ಲಿ, ಮೇಲೆ ನೊರೆಯಲ್ಲಿ ಒಂದು ಎಲೆಯ ಚಿತ್ರ. ನೊರೆ ಊದಿದರೆ ತಳದಲ್ಲಿ ಮೂರು ಗುಟುಕು. ಪಕ್ಕದ ಟೇಬಲ್ಲಿನ ಹುಡುಗಿಯರು ಅದರ ಫೋಟೋ ತೆಗೆಯುತ್ತಾ ತೆಗೆಯುತ್ತಾ ಆರಿಸಿಕೊಂಡರು. ಬಿಸಿಯಾಗಿ ಕೈಗೆ ಬಂದದ್ದನ್ನು ತಾವಾಗಿಯೇ ಆರಿಸಿಕೊಳ್ಳುವ ಕಾಲ ಇದು.

"ಇದಕ್ಕಿಂತ ಲೋಟ ತೊಳೆದ ನೀರು ವಾಸಿ," ಎಂದೆ.

"ಕುಡಿ ಸುಮ್ನೆ," ಎಂದರು ಇವರು.

ನನಗೆ ಅಳು ಬಂತು. ಇಷ್ಟು ಒಳ್ಳೆಯ ಕೆಟ್ಟ ಕಾಫಿ, ಬೈಯಲು ಇಷ್ಟೊಂದು ಸರಕು, ಆದರೆ ಕೇಳಿ ಅದಕ್ಕೆ ಇನ್ನೊಂದು ಸೇರಿಸುವವರು ಎದುರಿಗಿಲ್ಲ. ಶಮೀಮ ಇಲ್ಲದೆ ಕೆಟ್ಟ ಊಟ ಬರೀ ಕೆಟ್ಟ ಊಟವಾಗಿಬಿಟ್ಟಿತ್ತು.

ಮರು ಶನಿವಾರ ಒಬ್ಬಳೇ ಶಿರಾ ಬಸ್ಸು ಹತ್ತಿದೆ. ಅವಳ ಮನೆಗೆ ಹೋಗಿ ತಪ್ಪಾಯಿತು ಎನ್ನುವುದು, ಹೊರಗೆ ಹಾಕಿದರೆ ವಾಪಸ್ ಬರುವುದು, ಇಷ್ಟೇ ತಲೆಯಲ್ಲಿದ್ದದ್ದು. ಬಡವನಹಳ್ಳಿ ದಾಟುವಾಗ ನಮ್ಮ ಸ್ಕೂಲಿನ ಕಡೆ ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ. ಶಿರಾದಲ್ಲಿ ಬಸ್ಸಿಳಿದು ಆ ಹೋಟೆಲಿನ ಮುಂದೆ ನಡೆದು ಹೋಗುತ್ತಿದ್ದಾಗ ಕಾಲು ನಿಂತಿತು.

ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಶಮೀಮ ಕೂತಿದ್ದಳು. ಎದುರಿಗೆ ಅವಳ ಸೊಸೆ. ಅತ್ತೆ ರಸ್ತೆ ನೋಡುತ್ತಾ ಕಾಫಿ ಕುಡಿಯುತ್ತಿದ್ದಳು, ಸೊಸೆ ವಡೆ ಮುರಿಯುತ್ತಿದ್ದಳು. ಲೋಟದಿಂದ ಆವಿ ಏಳುತ್ತಿತ್ತು. ಹಿಂದಿನ ಟೇಬಲ್ಲಿನ ಗಂಡಸರು ತಮ್ಮ ಪಾಡಿಗೆ ತಾವು ಮಾತಾಡುತ್ತಿದ್ದರು. ಅವಳಿಗೆ ಅಲ್ಲಿ ಕೂರಲು ನನ್ನ ಅಪ್ಪಣೆಯಾಗಲಿ, ನನ್ನ ಏರ್ಪಾಡಾಗಲಿ ಬೇಕಿರಲಿಲ್ಲ ಎಂಬುದು ನನಗೆ ಅಲ್ಲಿ ನಿಂತು ತಿಳಿಯಿತು. ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಹೊಟ್ಟೆಕಿಚ್ಚೇ ಹೆಚ್ಚು.

ಅವಳು ನನ್ನನ್ನು ನೋಡಿದಳು. ಕರೆಯಲಿಲ್ಲ. ನಾನೇ ಒಳಗೆ ಹೋಗಿ ಟೇಬಲ್ಲಿನ ಪಕ್ಕ ನಿಂತೆ.

"ತಪ್ಪಾಯ್ತು ಶಮೀಮ. ಕೇಳ್ಬೇಕಿತ್ತು ನಿನ್ನ," ಎಂದೆ.

"ಕೂತ್ಕೊ," ಎಂದಳು. ಕೂತೆ. ಸಪ್ಲೈಯರ್ ಬಂದು ನನ್ನ ಮುಖ ನೋಡಿ, "ಏನ್ ಕೊಡ್ಲಿ ಮೇಡಂ?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಶಮೀಮ ಕೈ ಅಡ್ಡ ಮಾಡಿದಳು.

"ಅವ್ರನ್ನ ಕೇಳ್ಬೇಡಪ್ಪ. ನಾನ್ ಹೇಳ್ತೀನಿ. ಅವ್ರಿಗೆ ಒಂದು ಉಪ್ಪಿಟ್ಟು."

ಉಪ್ಪಿಟ್ಟು ಕಂಡರೆ ನನಗೆ ಆಗುವುದಿಲ್ಲ. ಸ್ಕೂಲಿನ ಯಾವ ಸಮಾರಂಭದಲ್ಲಿ ಕೊಟ್ಟರೂ ನನ್ನ ಪಾಲು ಅವಳ ಎಲೆಗೆ ಹೋಗುತ್ತಿತ್ತು. ಅವಳಿಗೆ ಅದು ನಮ್ಮ ಯಜಮಾನರಿಗಿಂತ ಚೆನ್ನಾಗಿ ಗೊತ್ತು. ಸೊಸೆ ಅತ್ತೆಯ ಮುಖ ನೋಡಿದಳು.

ತಟ್ಟೆ ಬಂತು. ಬೆಳಿಗ್ಗೆ ಮಾಡಿದ್ದು, ಆರಿ ಗಟ್ಟಿಯಾಗಿ, ಸೌಟಿನ ಆಕಾರದಲ್ಲೇ ಕೂತಿತ್ತು. ಒಂದು ತುತ್ತು ಬಾಯಿಗಿಟ್ಟೆ. ನುಂಗಲು ನೀರು ಕುಡಿಯಬೇಕಾಯಿತು. ಇನ್ನೊಂದು ತುತ್ತು. ಶಮೀಮ ತನ್ನ ಕಾಫಿಯನ್ನು ನಿಧಾನವಾಗಿ, ಕೊನೆಯ ಗುಟುಕಿನವರೆಗೂ ಕುಡಿದು ಲೋಟ ಕೆಳಗಿಟ್ಟಳು.

"ಅವತ್ತು ನಂಗೂ ಹಿಂಗೇ ಗಂಟ್ಲಲ್ಲಿ ಇಳೀಲಿಲ್ಲ ಕಣೇ," ಎಂದಳು.

ತಟ್ಟೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಇತ್ತು. ನಾನು ತಲೆ ಬಗ್ಗಿಸಿ ಅಷ್ಟನ್ನೂ ತಿಂದೆ.